ಲಾಡಿ ತೆಗೆದ ಪೈಜಾಮ

ಮಕ್ಕಳೇ, ಗೋಡೆಯ ಮೇಲಿನ ಫೋಟೊ ನೋಡಿ "ಅಜ್ಜಗೆ ಏನಾಗಿತ್ತು?" ಎಂದು ನೀವು ಕೇಳಿದಾಗಲೆಲ್ಲ ನಾನು "ಬೆನ್ನುನೋವು" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅದು ಅರ್ಧ ಸುಳ್ಳು. ಬಾಯಿಬಿಟ್ಟು ಹೇಳಲು ನಾಚಿಕೆ. ಕೊಂಡಜ್ಜಿ ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರಗಳಿವೆ, ಬರೆಯುತ್ತೇನೆ.

ಅಜ್ಜ ವಿನೋಬನಗರದಲ್ಲಿ ಟೇಲರ್ ಆಗಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಜಾ ಮಾಡುವುದು, ಗುಂಡಿ ಹಚ್ಚುವುದು ನನ್ನ ಕೆಲಸ. ಅವರ ವಯಸ್ಸು ಅರವತ್ತರ ಹತ್ತಿರ ಬಂದಾಗ, ಒಂದು ಮಧ್ಯಾಹ್ನ, ಗಿರಾಕಿಗಳ ಬಟ್ಟೆ ಬದಿಗಿಟ್ಟು ತಮ್ಮ ಪೈಜಾಮಗಳ ಲಾಡಿಯನ್ನೆಲ್ಲ ಎಳೆದು ತೆಗೆದು ಎಲಾಸ್ಟಿಕ್ ಹಾಕಿ ಹೊಲಿಯುತ್ತಿದ್ದರು. ಲಾಡಿ ಬಿಚ್ಚುವಷ್ಟು ಹೊತ್ತೂ ಮೂತ್ರ ತಡೆಯಲು ಅವರಿಗೆ ಆಗುತ್ತಿರಲಿಲ್ಲ. ಅದು ನನಗೆ ತಿಳಿಯಿತು. ನನಗೆ ತಿಳಿಯಿತೆಂದು ಅವರಿಗೂ ತಿಳಿಯಿತು. ಇಬ್ಬರೂ ಮಾತಾಡಲಿಲ್ಲ.

ಮಾತಾಡಿದವರು ಎದುರುಮನೆಯ ಬಾಳೆಹಣ್ಣಿನ ವ್ಯಾಪಾರಿ ಸಾಹೇಬರು. "ಏನ್ ಟೇಲರ್ರೇ, ಮಿಷನ್ ತುಳಿಯೋದ್ಕಿಂತ ಹಿತ್ತಲಿಗೆ ಓಡೋದೇ ಜಾಸ್ತಿ ಆತಲ್ರಿ."

"ಮೈ ಕಾವಾಗೈತೆ ಸಾಹೇಬ್ರೆ. ಈ ಬಿಸ್ಲಿಗೆ ಇನ್ನೇನಾಗ್ತೈತೆ."

ಕಾವೆಂದೇ ನಾನೂ ನಂಬಿಕೊಂಡೆ. ಬಾರ್ಲಿ ನೀರು, ಕಾಮಕಸ್ತೂರಿ ಬೀಜ, ಹೊಕ್ಕುಳಿಗೆ ಹರಳೆಣ್ಣೆ. ನಾನು ನೀರು ಕುಡಿಸಿದಷ್ಟೂ ಅವರ ಓಡಾಟ ಹೆಚ್ಚಾಯಿತು.

ಒಮ್ಮೆ ತಂಗಿಯ ಮಗಳ ಸೀಮಂತಕ್ಕೆ ಹರಿಹರಕ್ಕೆ ಹೊರಟಿದ್ದೆವು. ಅರ್ಧ ತಾಸಿನ ದಾರಿ. ನಡುವೆ ಬಸ್ಸು ನಿಂತಾಗ ಅವರು ಇಳಿದು ಒಂದು ಲಾರಿಯ ಮರೆಗೆ ಹೋದರು. ಕಂಡಕ್ಟರ್ ಸೀಟಿ ಊದಿದ. ನಾನು ಕಿಟಕಿಯ ಪಕ್ಕ, ಮಗ್ಗುಲಲ್ಲಿ ಇಬ್ಬರು ಹೆಂಗಸರು, ತೊಡೆಯ ಮೇಲೆ ಮಡಿಲಕ್ಕಿಯ ಬುಟ್ಟಿ. ಗಂಡನ ಹೆಸರು ಹಿಡಿದು ಕೂಗುವ ಪದ್ಧತಿ ನಮ್ಮಲ್ಲಿಲ್ಲ. ಅವರು ಯಾಕೆ ಇಳಿದರೆಂದು ಪರಗಂಡಸಿಗೆ ಹೇಳುವುದಾದರೂ ಹೇಗೆ? ಬಸ್ಸು ಹೊರಟೇಬಿಟ್ಟಿತು. ಹರಿಹರದ ನಿಲ್ದಾಣದಲ್ಲಿ ಬುಟ್ಟಿ ಹಿಡಿದು ಕಾದೆ.

ಮುಂದಿನ ಬಸ್ಸಿಗೆ ಬಂದವರು, "ಕೂಗಬಾರ್ದಿತ್ತಾ?" ಎಂದರು.

"ಏನಂತ ಕೂಗ್ಲಿ?"

ಆಮೇಲೆ ಅವರು ಎಲ್ಲಿಗೂ ಹೊರಡಲಿಲ್ಲ. ಅವರಿಲ್ಲದೆ ನಾನೂ ಹೊರಡಲಿಲ್ಲ. ಮುಂದಿನ ಕೋಣೆ, ಹಿಂದಿನ ಹಿತ್ತಲು. ಅಷ್ಟರೊಳಗೇ ನಮ್ಮಿಬ್ಬರ ಬದುಕು ಸುತ್ತುತ್ತಿತ್ತು.

ಮೂತ್ರಕ್ಕೆ ಹೋದಾಗ ಉರಿಯೂ ಶುರುವಾಗಿ, ಅದು ಹೆಚ್ಚಾದಾಗ ಓಣಿಯ ಡಾಕ್ಟರ ಬಳಿ ಹೋದೆವು.

"ಎಷ್ಟು ದಿನದಿಂದ ಐತ್ರಿ ಈ ತೊಂದ್ರೆ?"

"ಒಂದ್ ವಾರ ಆಗಿರಬೇಕ್ರಿ," ಎಂದರು ಅಜ್ಜ.

ಒಂದೂವರೆ ವರ್ಷವಾಗಿತ್ತು. ಡಾಕ್ಟರು ನನ್ನ ಕಡೆ ತಿರುಗಿದರು. "ಹೌದೇನಮ್ಮಾ?"

ಹೊರಗಿನವರೆದುರು ಗಂಡನ ಮಾತನ್ನು ಸುಳ್ಳು ಮಾಡುವ ಧೈರ್ಯ ಬರಲಿಲ್ಲ. ಸೆರಗನ್ನು ಬಾಯಿಗೆ ಹಿಡಿದು ಹೌದೆಂದು ತಲೆಯಾಡಿಸಿದೆ. ವಾರದ ಮಾತ್ರೆ ಬರೆದು, ಕಡಿಮೆಯಾಗದಿದ್ದರೆ ಮತ್ತೆ ಬರಲು ಹೇಳಿದರು. ಕಡಿಮೆಯಾಗಲಿಲ್ಲ, ನಾವು ಹೋಗಲೂ ಇಲ್ಲ.

ಮರುವರ್ಷ ಅವರ ಸೊಂಟ ಹಿಡಿಯಿತು. ಮಿಷನ್ ಮುಂದೆ ಬಗ್ಗಿ ಕೂತಿದ್ದಕ್ಕೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದೆ. ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನೆಲುಬಿಗೆ ಹಬ್ಬಿತ್ತು. ಗಂಡಸರಿಗೆ ಮೂತ್ರಕೋಶದ ಕೆಳಗೆ ಅಂಥದೊಂದು ಗ್ರಂಥಿ ಇದೆಯೆಂದು ನಾನು ಕೇಳಿದ್ದೇ ಅಂದು.

"ಅವತ್ತು ನೀನಾದ್ರೂ ಹೇಳಬೇಕಿತ್ತು," ಎಂದು ಮಲಗಿದಲ್ಲಿಂದ ಒಮ್ಮೆ ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಷ್ಟು ವರ್ಷದ ಮೇಲೆ, ಹೋದ ವಾರ, ನಿಮ್ಮಪ್ಪ ಎರಡು ಪೈಜಾಮ ತಂದು ನನ್ನ ಮುಂದಿಟ್ಟ.

"ಅವ್ವಾ, ಲಾಡಿ ತೆಗ್ದು ಎಲಾಸ್ಟಿಕ್ ಹಾಕ್ಕೊಡು."

ನಾನು ಪೈಜಾಮಗಳನ್ನು ಅವನ ಕಡೆಗೇ ಸರಿಸಿದೆ. "ಯಾಕ?"

"ಗಂಟು ಬೀಳ್ತೈತೆ."

"ಐವತ್ತು ವರ್ಷ ಬೀಳದ ಗಂಟು ಈಗ್ಯಾಕ ಬೀಳ್ತೈತೆ? ನಾನು ಹಾಕ್ಕೊಡಲ್ಲ. ಡಾಕ್ಟರ ಹತ್ರ ನಡಿ."

"ಸುಮ್ನಿರವ್ವಾ, ಒಳಗೆ ಅವಳು ಕೇಳಿಸ್ಕೊಂತಾಳೆ."

"ಕೇಳಿಸ್ಕೊಳ್ಳಲಿ. ನಾನು ಸುಮ್ನಿದ್ದೇ ನಿಮ್ಮಪ್ಪನ್ನ ಕಳಕೊಂಡೆ."

ನಿಮ್ಮಮ್ಮ ಬಾಗಿಲಿಗೆ ಬಂದು ನಿಂತಳು, ಸೆರಗು ಬಾಯಿಗೆ ಹಿಡಿದುಕೊಂಡು. ಅವಳಿಗೂ ಗೊತ್ತಿತ್ತೆಂದು ನನಗೆ ಆಗಲೇ ತಿಳಿದದ್ದು.

ಮೂವರೂ ಎಸ್.ಎಸ್. ಬಡಾವಣೆಯ ಡಾಕ್ಟರ ಬಳಿ ಹೋದೆವು. ಅದೇ ಪ್ರಶ್ನೆ ಬಂತು.

"ಒಂದ್ ತಿಂಗ್ಳಾತೇನೋ ಸರ್," ಎಂದ ನಿಮ್ಮಪ್ಪ.

 ಈ ಸಲ ನಾನು ಬಾಯಿ ಬಿಟ್ಟೆ. "ಅವನ್ನ ಕೇಳಬ್ಯಾಡ್ರಿ. ಅವನ ಹೆಂಡ್ತೀನ ಕೇಳ್ರಿ."

ನಿಮ್ಮಮ್ಮ ನೆಲ ನೋಡುತ್ತ, "ಎಂಟು ತಿಂಗ್ಳಾತ್ರಿ," ಎಂದಳು.

"ಇವನಪ್ಪ ಪ್ರಾಸ್ಟೇಟ್ ಗ್ರಂಥಿ ಕ್ಯಾನ್ಸರ್ನಾಗ ಹೋದ್ರು," ಎಂದೆ ನಾನು.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಹೇಳಿದ್ದು ಒಳ್ಳೇದಾತಮ್ಮ. ವಯಸ್ಸಾದಂಗೆ ಆ ಗ್ರಂಥಿ ದಪ್ಪ ಆಗೋದು ಸಾಮಾನ್ಯ, ಎಲ್ಲಾನೂ ಕ್ಯಾನ್ಸರ್ ಅಲ್ಲ. ಆದ್ರೆ ತಂದೆಗೆ ಇತ್ತು ಅಂದ್ರೆ, ತೊಂದ್ರೆ ಕಾಣೋವರೆಗೂ ಕಾಯಬಾರ್ದು. ನಲವತ್ತೈದರ ಹೊತ್ತಿಗೇ ಬಂದು ಕೇಳಬೇಕು."

ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇವೆ. ರಿಪೋರ್ಟ್ ನಾಳಿದ್ದು. ಪೈಜಾಮಗಳು ಅಜ್ಜನ ಮಿಷನ್ ಮೇಲೆ ಲಾಡಿ ಸಮೇತ ಬಿದ್ದಿವೆ, ಯಾರೂ ಮುಟ್ಟಿಲ್ಲ. ನಿಮ್ಮಪ್ಪ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ; ಆಗಲಿ. ನಮ್ಮ ಮನೆಯ ಗಂಡುಮಕ್ಕಳೇ, ನಲವತ್ತೈದಕ್ಕೆ ಬಂದಾಗ ಡಾಕ್ಟರ ಮುಂದೆ ಅಜ್ಜನ ಕಾಯಿಲೆಯ ಹೆಸರು ಹೇಳಿ, ದಿನಗಳ ಲೆಕ್ಕ ಸರಿಯಾಗಿ ಹೇಳಿ. ಅವರು ಹೇಳದಿದ್ದರೆ, ಪಕ್ಕದಲ್ಲಿ ಕೂತ ಹೆಣ್ಣುಮಕ್ಕಳೇ, ಸೆರಗನ್ನು ಬಾಯಿಂದ ತೆಗೆದು ನೀವು ಹೇಳಿ.