ಪ್ಲೈವುಡ್ ಹೊಸ್ತಿಲು

ಸ್ನೇಹಿತರೇ, ಚನ್ನಗಿರಿಯ ಕೇಬಲ್ ಚಾನೆಲ್‌ನ ಮಕ್ಕಳ ಕಾರ್ಯಕ್ರಮಕ್ಕೆ ನಾನು ಮಾಡಿದ ಸೆಟ್ ಇವತ್ತು ಕ್ಯಾಮೆರಾ ಮುಂದೆ ನಿಂತಿತು. ಹೆಂಡತಿ ತೀರಿಕೊಂಡ ಮೇಲೆ ನಾನು ಕುಂಚ ಹಿಡಿದ ಮೊದಲ ಕೆಲಸ. ಒಂದು ಮನೆಯ ಬಾಗಿಲು, ಅದಕ್ಕೆ ಪ್ಲೈವುಡ್ ಹೊಸ್ತಿಲು. ಅವಳು ದಿನಾ ಹೊಸ್ತಿಲಿಗೆ ಬರೆಯುತ್ತಿದ್ದ ಎಳೆರಂಗೋಲಿಯನ್ನೇ ನೆನೆದು ಬಿಳಿ ಬಣ್ಣದಲ್ಲಿ ಬರೆದಿದ್ದೆ.

ನಿರ್ದೇಶಕರು ನಿರೂಪಣೆಯ ಹುಡುಗಿಗೆ, "ಹೊಸ್ತಿಲ ಮ್ಯಾಲೆ ನಿಂತು ನಮಸ್ಕಾರ ಹೇಳವ್ವ, ಅಲ್ಲೇ ಲೈಟ್ ಚೆನ್ನಾಗೈತೆ" ಎಂದರು. ಸಂತೇಬೆನ್ನೂರಿನ ಆ ಹುಡುಗಿ ಕದಲಲಿಲ್ಲ.

"ಹೊಸ್ತಿಲು ತುಳಿಬಾರ್ದು ಸರ್. ನಮ್ಮಜ್ಜಿ ಟಿವಿ ನೋಡ್ತಾಳೆ, ಬೈತಾಳೆ."

"ಏ, ಇದು ಪ್ಲೈವುಡ್ ಕಣವ್ವ!"

"ರಂಗೋಲಿ ಐತಲ್ಲ ಸರ್."

ಅವರು ನನ್ನತ್ತ ತಿರುಗಿ, "ಅದನ್ನ ಅಳಿಸಿಬಿಡ್ರಿ ಅತ್ಲಾಗೆ" ಎಂದರು. ನನ್ನ ಕೈ ಏಳಲಿಲ್ಲ. ಅಷ್ಟರಲ್ಲಿ ಹುಡುಗಿಯೇ ಹೊಸ್ತಿಲು ದಾಟಿ ಒಳಗೆ ನಿಂತು, "ಲೈಟ್ ಇಲ್ಲಿಗೆ ತರಾಕೆ ಆಗಲ್ವಾ ಸರ್?" ಎಂದು ಕೇಳಿದಳು. ಲೈಟ್ ಸರಿಯಿತು, ರಂಗೋಲಿ ಉಳಿಯಿತು. ನನಗೆ ಹೋದ ಜೀವ ಬಂದಂತಾಯಿತು.

ಶೂಟಿಂಗ್ ಮುಗಿದ ಮೇಲೆ ಮೈಕ್ ತರಲು ಒಳಗೆ ಹೋದ ನಿರ್ದೇಶಕರೂ ಆ ಪ್ಲೈವುಡ್ಡನ್ನು ಕಾಲೆತ್ತಿ ದಾಟಿಯೇ ಹೋದರು. ಅದೂ ಚಪ್ಪಲಿ ಹೊರಗೆ ಬಿಟ್ಟು.