ಅಪ್ಪಾಡುವಿನ ಟೇಬಲ್ಲು

ಗಲ್ಫಿನ ಫಹಾಹೀಲಿನಲ್ಲಿರುವ ನಮ್ಮ ವರ್ಕ್‌ಶಾಪಿನ ಕ್ಯಾಂಟೀನಿನಲ್ಲಿ ಇಂಡಿಯಾದವರಿಗೊಂದು ಸಾಲು, ಫಿಲಿಪೀನ್ಸಿನವರಿಗೊಂದು, ಈಜಿಪ್ಟಿನವರಿಗೊಂದು. ಯಾರೂ ಹೇಳಿ ಮಾಡಿಸಿದ್ದಲ್ಲ, ತಾನಾಗಿ ಆದದ್ದು. ಕ್ರೇನ್ ಆಪರೇಟರ್ ಅಪ್ಪಾಡು ಮಾತ್ರ ನೀರಿನ ಕೂಲರ್ ಪಕ್ಕದ ಒಂಟಿ ಟೇಬಲ್ಲಿನ ಮೇಲೆ ಮಾರಿಷಸ್ಸಿನ ಪುಟ್ಟ ಬಾವುಟ ನಿಲ್ಲಿಸಿ, ಇಡೀ ದೇಶವೇ ತಾನೆಂಬಂತೆ ಕೂರುತ್ತಾನೆ. ಮೈಬಣ್ಣ ನಮ್ಮದೇ, ಕೂದಲು ಮಾತ್ರ ಆಫ್ರಿಕಾದವರ ಹಾಗೆ ಗುಂಗುರು. ಸಿಟ್ಟು ಬಂದರೆ ಬೈಯುವುದು ಫ್ರೆಂಚಿನಲ್ಲಿ. "ಇಂಡಿಯಾದಾಗ ಯಾವ ಊರು, ಭಾಯಿ?" ಎಂದು ಹೊಸಬರು ಕೇಳಿದರೆ ಊಟ ಬಿಟ್ಟು ಎದ್ದು ನಿಂತು, "ಇಂಡಿಯಾ ಖಲಾಸ್! ನಾನು ಮಾರಿಷಸ್!" ಎನ್ನುತ್ತಾನೆ, ಆಮೇಲೆ ಬೇಳೆ ತುಂಬಿದ ತನ್ನ ಪೂರಿಯನ್ನು ಅವರ ತಟ್ಟೆಗೇ ಹಾಕುತ್ತಾನೆ. ಅವನ ದೇಶ ಸ್ವತಂತ್ರವಾದ ಮಾರ್ಚ್ ಹನ್ನೆರಡರಂದು ನಮ್ಮ ಸೂಪರ್‌ವೈಸರನೂ ಆ ಬಾವುಟಕ್ಕೆ ಸಲಾಮು ಹೊಡೆದೇ ನೀರು ಕುಡಿಯಬೇಕು. ಮೊನ್ನೆ ನಮ್ಮ ವೆಲ್ಡರ್ ಬಸವಂತ ಅಪ್ಪಾಡುವಿನ ಪಾಕೀಟಿನಲ್ಲಿ, ಕೆಳಗೆ ನಂಬರು ಬರೆದ ಬಡಕಲು ಮನುಷ್ಯನ ಹಳೇ ಫೋಟೋ ನೋಡಿ ಯಾರೆಂದು ಕೇಳಿದ. ಬ್ರಿಟಿಷರು ಕಬ್ಬಿನ ತೋಟದ ಕೂಲಿಗೆಂದು ಇಂಡಿಯಾದಿಂದ ಹಡಗಿನಲ್ಲಿ ಒಯ್ದು, ನಂಬರು ಕೊಟ್ಟು ಫೋಟೋ ತೆಗೆದಿಟ್ಟ ಮುತ್ತಜ್ಜನಂತೆ. "ಬಾಜೂದ್ದು ಯಾಕ ಖಾಲಿ ಐತಿ?" ಎಂದ ಬಸವಂತ. ಅಪ್ಪಾಡು ಆ ಖಾಲಿ ಪ್ಲಾಸ್ಟಿಕ್ ಕಿಸೆಯನ್ನು ಅಂಗಿಯ ತುದಿಯಿಂದ ಒರೆಸಿದ. "ಅದು ನನ್ನ ಅಮ್ಮನ ಅಜ್ಜಿಯ ಅಜ್ಜೀದು. ಆಫ್ರಿಕಾದಿಂದ ಗುಲಾಮಳಾಗಿ ತಂದಿದ್ರು. ಅವಳ ಮುಖ ಯಾರಿಗೆ ಬೇಕಿತ್ತು, ಭಾಯಿ?"