ಶಾಂತಕ್ಕನ ಕಣ್ಣಿನ ಬಗ್ಗೆ ನಾನು ಆಡಿದ ಮಾತು

ನಿವೃತ್ತಿಯ ನಂತರ ಗುತ್ತಿಗೆಯ ಮೇಲೆ ನನಗೆ ಸಿಕ್ಕ ಕೋರ್ಟಿನ ಗುಮಾಸ್ತೆಯ ಕೆಲಸ ನನ್ನದಲ್ಲ. ಅದು ಶಾಂತಕ್ಕನಿಗೆ ಸಿಗಬೇಕಾಗಿತ್ತು. ನಾನು ಒಂದೇ ಒಂದು ಮಾತು ಆಡಿ ಅದನ್ನು ಕಸಿದುಕೊಂಡೆ. ಆ ಮಾತು ಅಕ್ಷರಶಃ ನಿಜವಾಗಿತ್ತು — ಅದಕ್ಕೇ ಅದು ಸುಳ್ಳಿಗಿಂತ ಹೊಲಸು.

ಮೊದಲ ಸಲ ಇದನ್ನು ಬಾಯಿಬಿಟ್ಟು ಹೇಳಿದಾಗ ನಮ್ಮ ಮನೆಯವರು, "ಹೋಗ್ಲಿ ಬಿಡ. ನೀ ಏನ್ ಖೂನಿ ಮಾಡೀಯೇನ?" ಎಂದರು. ಆ ಸಮಾಧಾನ ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಖೂನಿ ಮಾಡದವರೆಲ್ಲ ಒಳ್ಳೆಯವರೇ? ಇಷ್ಟು ಸುಲಭವಾಗಿ ಕ್ಷಮಿಸಲು ಇವರು ಯಾರು? ಕಳೆದುಕೊಂಡವರು ಇವರಲ್ಲವಲ್ಲ.

ಬಬಲೇಶ್ವರದ ಕಡೆಯಿಂದ ಬಂದು ನಾನು ವಿಜಯಪುರದ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದಾಗ ಶಾಂತಕ್ಕ ಅದಾಗಲೇ ಅಲ್ಲಿದ್ದಳು. ಟಿಕೋಟಾದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮದುವೆಯಾಗಿರಲಿಲ್ಲ, ತೀರಿಕೊಂಡ ತಮ್ಮನ ಹೆಣ್ಣುಮಕ್ಕಳಿಬ್ಬರನ್ನು ಅವಳೇ ಓದಿಸುತ್ತಿದ್ದಳು. ಡಬ್ಬಿಯಲ್ಲಿ ನನಗೂ ಒಂದು ರೊಟ್ಟಿ ಹೆಚ್ಚಿಗೆ ಇರುತ್ತಿತ್ತು. ಕೆಲಸ ಕಲಿಸಿದವಳೂ ಅವಳೇ. "ಸಾಕ್ಷಿದಾರ ಏನ್ ಹೇಳ್ತಾನ ಅದನ್ನ ಬರಿ ಸುಮಿ. ನೀ ತಿಳ್ಕೊಂಡದ್ದನ್ನ ಬರೀಬ್ಯಾಡ" ಎಂದು ಗದರುತ್ತಿದ್ದಳು.

ನಿವೃತ್ತಿಯಾದ ಮೇಲೆ ಅವಳ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆಗೆ ಜೊತೆಗಿದ್ದವಳು ನಾನೇ. ಪಟ್ಟಿ ಬಿಚ್ಚಿದ ದಿನ ಸಿದ್ಧೇಶ್ವರ ಗುಡಿಯ ಮುಂದಿನಿಂದ ಆಟೋದಲ್ಲಿ ಬರುವಾಗ ಅಂಗಡಿಗಳ ಬೋರ್ಡುಗಳನ್ನೆಲ್ಲ ಸಾಲಿ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದಳು. "ಯವ್ವಾ, ಇಷ್ಟೊಂದು ಬಣ್ಣ ಅದಾವೇನ ಈ ಊರಾಗ!" ಎಂದು ನನ್ನ ಕೈ ಹಿಚುಕಿದಳು. ಅವಳ ಕಣ್ಣು ಹೇಗಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ಆಮೇಲೆ ಒಂದು ಪ್ರಕಟಣೆ ಬಂತು — ಕೋರ್ಟಿನಿಂದ ನಿವೃತ್ತರಾದವರಿಗೆ ಗುತ್ತಿಗೆ ಕೆಲಸ, ಒಂದೇ ಹುದ್ದೆ. ಒಳಗೆ ಖಾಲಿ ಕುರ್ಚಿಗಳು ಸಾಲಾಗಿ ಬಿದ್ದಿವೆ, ಹೊರಗೆ ಓದಿದ ಮಕ್ಕಳು ನೇಮಕಾತಿಗಾಗಿ ಕಾದು ಕಾದು ವಯಸ್ಸು ಮೀರುತ್ತಿದ್ದಾರೆ, ಇವರು ಮಾತ್ರ ಮುದುಕಿಯರನ್ನು ಕರೆದು ಒಂದು ಕುರ್ಚಿಗೆ ಜಗಳ ಹಚ್ಚುತ್ತಾರೆ! ಆದರೆ ಆ ಜಗಳಕ್ಕೆ ಓಡಿಹೋದವಳು ನಾನೇ ಅಲ್ಲವೇ. ಸುದ್ದಿ ಹೇಳಿದ್ದೂ ಶಾಂತಕ್ಕನೇ: "ಇಬ್ಬರೂ ಅರ್ಜಿ ಹಾಕೂಣು ಬೇ. ಯಾರಿಗೆ ಸಿಕ್ಕರೂ ಇನ್ನೊಬ್ಬಾಕಿಗೆ ಚಹಾ ಕುಡಸಬೇಕು."

ಸಂದರ್ಶನಕ್ಕೆ ಅವಳು ಮೊದಲು ಹೋಗಿ ನಗುತ್ತ ಹೊರಬಂದಳು. ನಂತರ ನಾನು. ಮಾತು ಮುಗಿದು ಎದ್ದು ನಿಂತಾಗ ಅಧಿಕಾರಿ ಸಹಜವಾಗಿ ಕೇಳಿದರು:

"ಶಾಂತಾಬಾಯಿ ಅವರ ಕೆಲಸ ಭಾಳ ಚಲೋ ಅಂತಾರ. ಆದರ ಆಪರೇಷನ್ ಆಗೇದಂತಲ್ಲ? ನೀವು ಅವರ ಜೋಡಿ ಇದ್ದವರು. ಕಣ್ಣ ಈಗ ಹೆಂಗ ಅದಾವ್ರಿ?"

ಎದುರಾಳಿಯನ್ನೇ ಸಾಕ್ಷಿಯಾಗಿ ಕೇಳುವುದು ಯಾವ ನ್ಯಾಯ? ಆ ಪ್ರಶ್ನೆ ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಆದರೆ "ಅದನ್ನ ನನಗ ಕೇಳಬ್ಯಾಡ್ರಿ" ಎನ್ನಬಹುದಿತ್ತು. "ನನ್ನ ಕಣ್ಣಿಗಿಂತ ಚಲೋ ಅದಾವ್ರಿ" ಎನ್ನಬಹುದಿತ್ತು. ನಾನು ತಲೆ ತಗ್ಗಿಸಿದೆ. ಒಂದು ನಿಟ್ಟುಸಿರು ಬಿಟ್ಟೆ — ಬೇಕೆಂದೇ ಬಿಟ್ಟ ನಿಟ್ಟುಸಿರು ಅದು — ಮತ್ತು ಹೇಳಿದೆ:

"ಮೊದಲಿನಂಗ ಇಲ್ರಿ, ಸಾಹೇಬ್ರ."

ಹೌದು, ಮೊದಲಿನ ಹಾಗೆ ಇರಲಿಲ್ಲ. ಮೊದಲಿಗಿಂತ ನಿಚ್ಚಳವಾಗಿತ್ತು. ಅವರಿಗೆ ಏನು ಅರ್ಥವಾಗುತ್ತದೆಂದು ನನಗೆ ಗೊತ್ತಿತ್ತು.

ಯಾಕೆ ಹಾಗೆ ಮಾಡಿದೆ? ನನ್ನ ಮನೆಗೆ ಪಿಂಚಣಿ ಸಾಕಾಗುತ್ತಿತ್ತು. ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಬೀಳುವ ಆಸೆ. "ಮೇಡಮ್ಮರ" ಎಂದು ಯಾರಾದರೂ ಕರೆಯಲಿ ಎಂಬ ಆಸೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಕೆಲಸ ನನಗಾಯಿತು. ಶಾಂತಕ್ಕ ಶೇಂಗಾ ಹೋಳಿಗೆ ಮಾಡಿಕೊಂಡು ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದಳು. ಚಹಾ ಕುಡಿದಾದ ಮೇಲೆ ಮೆಲ್ಲಗೆ ಕೇಳಿದಳು, "ಕಣ್ಣ ಸರಿ ಇಲ್ಲಂತ ನನ್ನ ಬಿಟ್ಟರಂತ. ನನಗ ಚಲೋ ಕಾಣಸ್ತದ. ನೋಡವ್ರಿಗೆ ಹಂಗ ಅನಸ್ತದೇನ ಬೇ? ಖರೆ ಹೇಳ."

"ಆ ಮಂದಿಗೆ ಏನ್ ತಿಳೀತದ ಅಕ್ಕಾ!" ಎಂದೆ. ಅವಳ ಜೊತೆ ಕೂತು ಅವರನ್ನು ಬೈದೆ — ಮನಸಾರೆ ಬೈದೆ. ಸಂದರ್ಶನದ ಮಾತಿಗಿಂತ ಈ ಬೈಗುಳ ನನ್ನನ್ನು ಹೆಚ್ಚು ಸುಡುತ್ತದೆ.

ಅವಳು ಮತ್ತೆ ವೈದ್ಯರ ಹತ್ತಿರ ಹೋದಳಂತೆ. ಕಣ್ಣು ಚೆನ್ನಾಗಿದೆ ಎಂದರೂ ನಂಬಲಿಲ್ಲವಂತೆ. ಕನ್ನಡಕ ಬದಲಿಸಿದಳು. ತಮ್ಮನ ಮಗಳ ಕೈ ಹಿಡಿಯದೆ ರಸ್ತೆ ದಾಟುವುದನ್ನು ಬಿಟ್ಟಳು. ಕಡೆಗೆ ವಿಜಯಪುರಕ್ಕೆ ಬರುವುದನ್ನೇ ಬಿಟ್ಟಳು. ಇತ್ತ ನಾನು ಕಟಕಟೆಯ ಪಕ್ಕ ನಿಂತು ಬಂದ ಬಂದವರಿಗೆ ಸತ್ಯದ ಪ್ರಮಾಣ ಬೋಧಿಸುತ್ತಿದ್ದೆ. ಧ್ವನಿ ಒಮ್ಮೆಯೂ ನಡುಗಲಿಲ್ಲ. ನಡುಗಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಗುತ್ತಿಗೆ ಮುಗಿದು ವರ್ಷಗಳಾದ ಮೇಲೆ, ಈ ಬೇಸಿಗೆಯಲ್ಲಿ, ತಪ್ಪೊಪ್ಪಿಕೊಳ್ಳಲು ಮೊದಲು ಸುಲಭದ ಕಡೆ ಹೋದೆ — ಕಚೇರಿಗೆ. ಆ ಅಧಿಕಾರಿ ವರ್ಗವಾಗಿದ್ದರು. ಈಗಿನವರು ಕೇಳಿ ನಕ್ಕರು: "ಹಳೀ ಮಾತು ಈಗ್ಯಾಕ ಮೇಡಮ್ಮರ?" ಒಬ್ಬ ಹೆಂಗಸಿನ ಬಾಳಿನ ಕೆಲವು ವರ್ಷ ಇವರಿಗೆ ಹಳೆಯ ಮಾತು!

ಅಲ್ಲಿಂದ ನೇರ ಟಿಕೋಟಾದ ಬಸ್ಸು ಹತ್ತಿದೆ. ಶಾಂತಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಸಣ್ಣ ಕಲ್ಲುಗಳನ್ನು ತಮ್ಮನ ಮಗಳು ಆರಿಸಿ ಕೊಡುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಆ ನಿಟ್ಟುಸಿರನ್ನೂ ಬಿಡದೆ. ಅವಳು ಮೊರ ಕೆಳಗಿಟ್ಟಳು.

"ನೀ ಬಾಯಿಬಿಟ್ಟ ಕೇಳಿದ್ದರೂ ನಾ ಬಿಟ್ಟು ಕೊಡ್ತಿದ್ದಿಲ್ಲ. ನನಗೂ ಆ ಕೆಲಸ ಬೇಕಾಗಿತ್ತು" ಎಂದಳು. "ಅದು ಹೋತು, ಹೋಗ್ಲಿ. ಇಷ್ಟು ವರ್ಷ ನನ್ನ ಕಣ್ಣ ನಾನೇ ನಂಬಲಿಲ್ಲಲ್ಲ ಸುಮಿ — ಅದನ್ನ ಹೆಂಗ ತಿರುಗಿ ಕೊಡ್ತಿ?"

ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಅದೂ ಅವಳಿಂದ ಇನ್ನೊಂದನ್ನು ಕೇಳಿದಂತೆ.

ಅವಳು ಎದ್ದಳು. ತಮ್ಮನ ಮಗಳು ರೂಢಿಯಂತೆ ಕೈ ಚಾಚಿದಳು. "ಬ್ಯಾಡ, ಬಿಡು" ಎಂದು ಶಾಂತಕ್ಕ ಮೆಟ್ಟಿಲಿಳಿದು, ಎರಡೂ ಕಡೆ ನೋಡಿ, ಒಬ್ಬಳೇ ರಸ್ತೆ ದಾಟಿ ಆಚೆಯ ಅಂಗಡಿಯತ್ತ ನಡೆದಳು. ನಾನಿನ್ನೂ ಕಟ್ಟೆಯ ಮೇಲಿದ್ದೆ. ಅವಳು ತಿರುಗಿ ನೋಡಲಿಲ್ಲ.